ಮಾವನ ಕಣ್ಣಿನ ಹನಿ ಮಗನಿಗೂ ಬಿಡಬಹುದಾ?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು, ಅಡಿಕೆ ತೋಟ ಇದೆ. ಹೋದ ವರ್ಷ ಮಾವನವರ ಒಂದು ಕಣ್ಣಿಗೆ ಪೊರೆ ಆಪರೇಷನ್ ಆಯಿತು. ಆಗ ಕೊಟ್ಟ ಹನಿ ಅವರಿಗೆ ಚೆನ್ನಾಗಿ ಹಿಡಿಸಿತು. ಈಗಲೂ ಕಣ್ಣು ಕೆಂಪಾದರೆ ಮೆಡಿಕಲ್‌ನಲ್ಲಿ ಹಳೇ ಡಬ್ಬಿ ತೋರಿಸಿ ಅದನ್ನೇ ತರಿಸಿಕೊಳ್ಳುತ್ತಾರೆ. ಒಂಬತ್ತು ವರ್ಷದ ಮಗನಿಗೆ ಬೇಸಿಗೆ ಬಂದರೆ ಕಣ್ಣು ತುರಿಕೆ. ಅವನಿಗೂ ಅದೇ ಹನಿ ಬಿಟ್ಟೆ, ಎರಡು ದಿನಕ್ಕೆ ಪೂರ್ತಿ ಕಡಿಮೆ ಆಯಿತು. ಅತ್ತೆಗೆ ಗ್ಲಾಕೋಮಾ ಇದೆ, ದಿನಕ್ಕೆ ಎರಡು ಸಲ ಹನಿ ಬಿಡಬೇಕು. ಅದು ಶುರುವಾದ ಮೇಲೆ ಸುಸ್ತು, ತೋಟದಿಂದ ದಿಬ್ಬ ಹತ್ತಿ ಬರುವಾಗ ದಮ್ಮು. ಕಣ್ಣಿನ ಹನಿಗೂ ದಮ್ಮಿಗೂ ಸಂಬಂಧ ಇದೆಯಾ? ಒಂದು ಬಾಟಲಿ ಎಷ್ಟು ದಿನ ಇಟ್ಟುಕೊಳ್ಳಬಹುದು? ಫ್ರಿಜ್ಜಿನಲ್ಲೇ ಇಡಬೇಕಾ?

ಉತ್ತರ: ಮೊದಲು ಅತ್ತೆಯವರ ವಿಷಯ ನೋಡೋಣ, ಅದು ಕಾಯುವಂಥದ್ದಲ್ಲ.

ಸಂಬಂಧ ಖಂಡಿತ ಇರಬಹುದು. ಅವರ ಹನಿಯ ಬಾಟಲಿ ತೆಗೆದು ನೋಡಿ. ಅದರ ಮೇಲೆ ಕಂಪನಿ ಇಟ್ಟ ಹೆಸರು ಒಂದಿರುತ್ತದೆ. ಒಳಗಿರುವ ಔಷಧಿಯ ಹೆಸರು ಬೇರೆಯೇ ಇರುತ್ತದೆ. ಓದಲು ಕಷ್ಟವಾದರೆ ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿಕೊಳ್ಳಿ. ಅಲ್ಲಿ ಟಿಮೊಲೋಲ್ ಎಂದಿದೆಯಾ? ಒಂಟಿಯಾಗಿಯೂ ಇರಬಹುದು, ಬ್ರಿಮೊನಿಡಿನ್ ಅಥವಾ ಡೋರ್ಜೋಲಮೈಡ್ ಜೊತೆ ಸೇರಿಯೂ ಇರಬಹುದು. ಗ್ಲಾಕೋಮಾಗೆ, ಅಂದರೆ ಕಣ್ಣಿನೊಳಗಿನ ಪ್ರೆಶರ್‌ನಿಂದ ಕಣ್ಣಿನ ನರ ಸಾಯುವ ಕಾಯಿಲೆಗೆ, ಇದು ಹಳೆಯ, ಒಳ್ಳೆಯ ಔಷಧಿ. ಆದರೆ ಬಿಪಿಗೆ, ಹೃದಯಕ್ಕೆ ಕೊಡುವ ಅಟೆನೊಲೋಲ್, ಮೆಟೊಪ್ರೊಲೋಲ್ ಮಾತ್ರೆಗಳ ಜಾತಿಗೇ ಸೇರಿದ್ದು. ಎದೆಬಡಿತ ನಿಧಾನ ಮಾಡುತ್ತದೆ. ಉಬ್ಬಸ ಇರುವವರಲ್ಲಿ ಶ್ವಾಸನಾಳ ಬಿಗಿಯುವಂತೆ ಮಾಡುತ್ತದೆ. ಹಿಂದೆ ಯಾವಾಗಲೋ ಉಬ್ಬಸ ಬಂದು ಮರೆತೇ ಹೋದವರಲ್ಲೂ ಅದನ್ನು ಮತ್ತೆ ಎಬ್ಬಿಸಬಹುದು.

ಕಣ್ಣಿಗೆ ಬಿಟ್ಟ ಒಂದು ಹನಿ ಎದೆಗೆ ಹೋಗುವುದು ಹೇಗೆ ಎಂದು ಕೇಳುತ್ತೀರಿ. ಕಣ್ಣಿನ ಒಳಮೂಲೆಯಲ್ಲಿ, ಮೂಗಿನ ಪಕ್ಕ, ಕಣ್ಣೀರು ಇಳಿಯುವ ಸಣ್ಣ ಕೊಳವೆ ಇದೆ. ಅತ್ತಾಗ ಮೂಗು ಸೋರುವುದು ಅದರಿಂದಲೇ. ಹನಿಯೂ ಅದೇ ದಾರಿಯಲ್ಲಿ ಮೂಗಿನೊಳಗೆ ಇಳಿಯುತ್ತದೆ. ಹನಿ ಬಿಟ್ಟ ಮೇಲೆ ಗಂಟಲಲ್ಲಿ ಕಹಿ ಬರುತ್ತದಲ್ವಾ, ಅದು ಇಳಿದದ್ದರ ಗುರುತು. ಮೂಗಿನ ಒಳಪದರದಲ್ಲಿ ರಕ್ತನಾಳಗಳು ಜಾಸ್ತಿ. ಔಷಧಿ ಅಲ್ಲಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ. ನುಂಗಿದ ಮಾತ್ರೆಯಾದರೆ ಮೊದಲು ಲಿವರ್ ಮೂಲಕ ಹೋಗಬೇಕು, ಅಲ್ಲಿ ಅದರ ಒಂದಷ್ಟು ಶಕ್ತಿ ಕರಗುತ್ತದೆ. ಹನಿಗೆ ಆ ತಡೆ ಇಲ್ಲ. ಹಾಗಾಗಿ ಪ್ರಮಾಣ ಸಣ್ಣದಾದರೂ ವಯಸ್ಸಾದವರಲ್ಲಿ ಪರಿಣಾಮ ಕಾಣಿಸುತ್ತದೆ.

ಇವತ್ತೇ ಹನಿ ಬರೆದುಕೊಟ್ಟ ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿ. ಅತ್ತೆಗೆ ದಮ್ಮು ಬರುತ್ತಿದೆ ಎನ್ನುವುದನ್ನೇ ಮೊದಲು ಹೇಳಿ. ಕೂತಲ್ಲೇ ಉಸಿರು ಕಟ್ಟುತ್ತಿದ್ದರೆ, ಎದೆಯಲ್ಲಿ ಗೊರಗೊರ ಶಬ್ದ ಇದ್ದರೆ, ತಲೆ ತಿರುಗಿ ಬೀಳುವಂತಾದರೆ ಮುಂದಿನ ಹನಿ ಹಾಕಬೇಡಿ. ಬಾಟಲಿ ಜೊತೆಗೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ದಮ್ಮಿಗೆ ಹೃದಯದ ತೊಂದರೆಯೂ ಕಾರಣ ಇರಬಹುದು, ರಕ್ತ ಕಡಿಮೆ ಇರುವುದೂ ಇರಬಹುದು. ಹಾಗಾಗಿ ನಾಡಿ, ಬಿಪಿ ನೋಡಿಸಲೇಬೇಕು, ಇಸಿಜಿ ಬೇಕಾ ಎಂದು ಅಲ್ಲೇ ಹೇಳುತ್ತಾರೆ. ಆದರೆ ಗ್ಲಾಕೋಮಾ ಹನಿಯನ್ನು ಸುಮ್ನೆ ನಿಲ್ಲಿಸಿ ಮನೆಯಲ್ಲೇ ಕೂರಬೇಡಿ. ಕಣ್ಣಿನ ಪ್ರೆಶರ್ ಮತ್ತೆ ಏರುತ್ತದೆ, ಏರಿದ್ದು ಗೊತ್ತಾಗುವುದಿಲ್ಲ. ಒಂದು ನಿಲ್ಲಿಸಿದರೆ ಇನ್ನೊಂದು ಬೇಕು. ಉಬ್ಬಸ ಇರುವವರಿಗೆ ಸರಿಹೋಗುವ ಬೇರೆ ಹನಿಗಳು ಬೇಕಾದಷ್ಟಿವೆ.

ಇಂಥದ್ದು ಆಗುವುದಕ್ಕೆ ಮುಖ್ಯ ಕಾರಣ ಒಂದಿದೆ. ಕಣ್ಣಿನ ಡಾಕ್ಟರ ಹತ್ತಿರ ಉಬ್ಬಸದ ಮಾತು ಯಾಕೆ ಎಂದು ಜನ ಹೇಳುವುದಿಲ್ಲ. ಬಿಪಿ ಡಾಕ್ಟರು ಏನೇನು ಔಷಧಿ ತಗೊಳ್ತೀರಿ ಎಂದರೆ ಮಾತ್ರೆಗಳನ್ನಷ್ಟೇ ಹೇಳುತ್ತಾರೆ, ಹನಿ ನೆನಪಿಗೇ ಬರುವುದಿಲ್ಲ. ಎರಡೂ ಕಡೆ ಹೇಳಲೇಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುವವರಂತೂ ಮರೆಯಲೇಬಾರದು. ಸಕ್ಕರೆ ತೀರಾ ಇಳಿದಾಗ ಎದೆ ಹೊಡೆದುಕೊಂಡು ಎಚ್ಚರಿಸುತ್ತದೆ. ಟಿಮೊಲೋಲ್ ಆ ಎಚ್ಚರಿಕೆಯನ್ನೇ ಮುಚ್ಚಿಡಬಹುದು.

ಈಗ ಮಾವನವರ ಹನಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ಆದದ್ದು ಇಲ್ಲೇ.

ಪೊರೆ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಸ್ಟಿರಾಯ್ಡ್ ಇರುವ ಹನಿ ಕೊಡುತ್ತಾರೆ. ಎಷ್ಟೋ ಸಲ ಅದರ ಜೊತೆ ಆಂಟಿಬಯೋಟಿಕ್ ಸೇರಿಸಿದ್ದು ಇರುತ್ತದೆ. ಮೊದಲ ವಾರ ದಿನಕ್ಕೆ ಆರು ಸಲ, ಆಮೇಲೆ ವಾರವಾರಕ್ಕೂ ಇಳಿಸುತ್ತಾ ಬಂದು, ನಾಲ್ಕರಿಂದ ಆರು ವಾರಕ್ಕೆ ನಿಲ್ಲಿಸುವುದು ರೂಢಿ. ಕತ್ತರಿಸಿದ ಕಣ್ಣಿನ ಊತ ಇಳಿಯಲು ಅದು ಬೇಕೇ ಬೇಕು. ಆ ಆರು ವಾರ ಮುಗಿದ ಮೇಲೆ ಆ ಬಾಟಲಿಯ ಕೆಲಸವೂ ಮುಗಿಯಿತು.

ಅದನ್ನು ಗುರುತಿಸುವುದು ಹೀಗೆ. ಔಷಧಿಯ ಹೆಸರು ಸೋನ್ ಅಥವಾ ಲೋನ್ ಎಂದು ಮುಗಿದಿದೆಯಾ ನೋಡಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಫ್ಲೂರೋಮೆಥೋಲೋನ್. ಇವೆಲ್ಲ ಸ್ಟಿರಾಯ್ಡ್. ಲೋಟೆಪ್ರೆಡ್ನಾಲ್, ಡೈಫ್ಲುಪ್ರೆಡ್ನೇಟ್ ಹೆಸರು ಬೇರೆ ಥರ ಮುಗಿದರೂ ಅದೇ ಗುಂಪು. ಹೆಸರಿನ ಮುಂದೆ ಮಾಕ್ಸಿಫ್ಲಾಕ್ಸಾಸಿನ್ ಅಥವಾ ಟೊಬ್ರಾಮೈಸಿನ್ ಇದ್ದರೆ ಅದು ಬರೀ ಆಂಟಿಬಯೋಟಿಕ್ ಅಂದುಕೊಳ್ಳಬೇಡಿ. ಪಕ್ಕದಲ್ಲಿ ಇನ್ನೊಂದು ಹೆಸರು ಇದೆಯಾ ನೋಡಿ.

ಸ್ಟಿರಾಯ್ಡ್ ಹನಿ ಬಿಟ್ಟರೆ ಯಾವ ಕೆಂಪುಗಣ್ಣೂ ಒಂದೆರಡು ದಿನದಲ್ಲಿ ಬೆಳ್ಳಗಾಗುತ್ತದೆ. ಧೂಳಿನಿಂದ ಆದ ಕೆಂಪು, ಅಲರ್ಜಿಯ ಕೆಂಪು, ಕ್ರಿಮಿ ಹತ್ತಿದ ಕೆಂಪು, ಎಲ್ಲವೂ. ಕೆಂಪು, ಉರಿ, ಊತ ಅಂದರೆ ದೇಹ ಒಳಗೆ ಹೋರಾಡುತ್ತಿದೆ ಎಂದರ್ಥ. ಸ್ಟಿರಾಯ್ಡ್ ಆ ಹೋರಾಟವನ್ನೇ ನಿಲ್ಲಿಸುತ್ತದೆ. ಕಳ್ಳ ಒಳಗೆ ಬಂದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದ ಹಾಗೆ. ಮನೆ ಶಾಂತವಾಗುತ್ತದೆ, ಕಳ್ಳ ಒಳಗೇ ಇರುತ್ತಾನೆ. ಈ ಹನಿ ಇಷ್ಟು ಚೆನ್ನಾಗಿ ಹಿಡಿಸುವುದೇ ಅದರ ಅಪಾಯ. ಉರಿ ಕೊಡುವ ಹನಿಯನ್ನು ಯಾರೂ ವರ್ಷಗಟ್ಟಲೆ ತರಿಸಿಕೊಳ್ಳುವುದಿಲ್ಲ.

ನಮ್ಮ ಕಡೆ ಇದು ಇನ್ನೂ ಗಂಭೀರ. ತೋಟದಲ್ಲಿ ಸೋಗೆಯ ತುದಿ ಕಣ್ಣಿಗೆ ಬಡಿಯುತ್ತದೆ. ಕಳೆ ಹೊಡೆಯುವ ಮಿಷನ್‌ನಿಂದ ಹುಲ್ಲಿನ ಚೂರು ಹಾರುತ್ತದೆ. ಒಕ್ಕಲಿನಲ್ಲಿ ಭತ್ತದ ಸುಂಕು ಸಿಡಿಯುತ್ತದೆ, ದರಗು ಗುಡಿಸುವಾಗ ಕಡ್ಡಿ ತಾಗುತ್ತದೆ. ಗಿಡಮರದ ಚೂರು, ಮಣ್ಣು ತಾಗಿ ಕಣ್ಣಿನ ಕರಿಗುಡ್ಡೆ ತರಚಿದರೆ ಅಲ್ಲಿ ಶಿಲೀಂಧ್ರ ಬೇರೂರಬಹುದು. ಫ್ಯುಸೇರಿಯಂ, ಆಸ್ಪರ್‌ಜಿಲಸ್ ಎನ್ನುವ ಬೂಸ್ಟುಗಳು ಇವು. ಮಣ್ಣಲ್ಲಿ, ಕೊಳೆತ ಎಲೆಯಲ್ಲಿ ಇದ್ದೇ ಇರುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುವಾಗ ಕೇಳಬೇಕಾ?

ಶಿಲೀಂಧ್ರದ ಹುಣ್ಣು ಮೆಲ್ಲಗೆ ಬೆಳೆಯುತ್ತದೆ. ಮೊದಲು ಬರೀ ಚುಚ್ಚಿದ ಹಾಗೆ, ನೀರು ಸೋರಿದ ಹಾಗೆ. ಕೆಲವು ದಿನಕ್ಕೆ ಕರಿಗುಡ್ಡೆಯ ಮೇಲೆ ಬೂದು ಬಿಳಿ ಚುಕ್ಕೆ ಕಾಣುತ್ತದೆ, ಅಂಚು ಪುಕ್ಕದಂತೆ ಒಡೆದಿರುತ್ತದೆ. ಈ ಹಂತದಲ್ಲಿ ಮನೆಯಲ್ಲಿದ್ದ ಸ್ಟಿರಾಯ್ಡ್ ಹನಿ ಬಿಟ್ಟರೆ ಎರಡು ದಿನ ನೋವು ಇಳಿಯುತ್ತದೆ. ಆ ಎರಡು ದಿನದಲ್ಲಿ ಬೂಸ್ಟಿಗೆ ತಡೆಯೇ ಇರುವುದಿಲ್ಲ. ಅದು ಒಳಪದರಕ್ಕೆ ಇಳಿಯುತ್ತದೆ. ಆಮೇಲೆ ನಟಾಮೈಸಿನ್ ಹನಿಯನ್ನು ಗಂಟೆಗೊಂದು ಸಲ, ವಾರಗಟ್ಟಲೆ ಬಿಟ್ಟರೂ ಕೆಲವು ಕಣ್ಣು ಉಳಿಯುವುದಿಲ್ಲ. ಉಳಿದರೂ ನಟ್ಟನಡುವೆ ಬಿಳಿ ಕಲೆ ನಿಲ್ಲುತ್ತದೆ. ನಮ್ಮ ಹತ್ತಿರ ಹೀಗೆ ಬರುವವರ ಜೇಬಿನಲ್ಲಿ ಹೆಚ್ಚು ಕಡಿಮೆ ಯಾವಾಗಲೂ ಒಂದು ಅರ್ಧ ಮುಗಿದ ಬಾಟಲಿ ಇರುತ್ತದೆ. ಹನಿ ಬಿಟ್ಟಾಗ ಆರಾಮಾಗಿತ್ತು ಡಾಕ್ಟ್ರೇ, ಎನ್ನುತ್ತಾರೆ. ಅದು ನಿಜ. ಅದಕ್ಕೇ ತಡವಾಗಿ ಬಂದಿರುತ್ತಾರೆ.

ಹರ್ಪಿಸ್ ವೈರಸ್‌ನಿಂದ ಆಗುವ ಹುಣ್ಣೂ ಹೀಗೇ. ಹುಣ್ಣಿನ ಕಾರಣ ಗೊತ್ತಾಗಬೇಕಾದರೆ ಬಣ್ಣದ ಹನಿ ಹಾಕಿ ಸ್ಲಿಟ್ ಲ್ಯಾಂಪ್ ಎನ್ನುವ ಕಣ್ಣು ಪರೀಕ್ಷೆಯ ಯಂತ್ರದಲ್ಲಿ ನೋಡಬೇಕು, ಬೇಕಾದರೆ ಸ್ವಲ್ಪ ಕೆರೆದು ಮೈಕ್ರೋಸ್ಕೋಪಿನಲ್ಲಿ ಪರೀಕ್ಷಿಸಬೇಕು. ಕನ್ನಡಿಯಲ್ಲಿ ನೋಡಿ, ಹಳೇ ಡಬ್ಬಿ ತೋರಿಸಿ ತೀರ್ಮಾನಿಸುವ ವಿಷಯ ಅದಲ್ಲ.

ಸ್ಟಿರಾಯ್ಡ್ ಹನಿಯ ಎರಡನೇ ಹಾನಿ ಇನ್ನೂ ಮೌನವಾದದ್ದು. ಕಣ್ಣಿನೊಳಗೆ ಸದಾ ಒಂದು ತೆಳು ನೀರು ಹುಟ್ಟುತ್ತಿರುತ್ತದೆ, ಅಂಚಿನ ಜಾಲರಿಯ ಮೂಲಕ ಹೊರಗೆ ಹೋಗುತ್ತಿರುತ್ತದೆ. ಸ್ಟಿರಾಯ್ಡ್ ಕೆಲವರಲ್ಲಿ ಆ ಜಾಲರಿಯನ್ನು ಕಟ್ಟಿಸುತ್ತದೆ. ನೀರು ಹೋಗದೆ ಪ್ರೆಶರ್ ಏರುತ್ತದೆ. ಸಾಮಾನ್ಯವಾಗಿ ಇದು 10ರಿಂದ 21 ಮಿ.ಮೀ. ಪಾದರಸದ ಒಳಗೆ ಇರಬೇಕು. ಕೆಲವು ವಾರ ಸ್ಟಿರಾಯ್ಡ್ ಹನಿ ಬಿಟ್ಟವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಒಂದಿಷ್ಟು ಏರುತ್ತದೆ, ನೂರಕ್ಕೆ ಐದಾರು ಜನರಿಗೆ ಅಪಾಯದ ಮಟ್ಟಕ್ಕೆ ಏರುತ್ತದೆ. ಇದು 1960ರ ದಶಕದಿಂದಲೇ ಗೊತ್ತಿರುವ ವಿಷಯ. ಹತ್ತಿರದ ರಕ್ತ ಸಂಬಂಧಿಕರಲ್ಲಿ ಗ್ಲಾಕೋಮಾ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ದೊಡ್ಡ ಮೈನಸ್ ನಂಬರಿನ ಕನ್ನಡಕ ಇದ್ದರೆ ಸಾಧ್ಯತೆ ಜಾಸ್ತಿ. ಮಕ್ಕಳಲ್ಲಿ ಬೇಗ, ಜೋರಾಗಿ ಏರಬಹುದು. ನೋವಿಲ್ಲ, ಕೆಂಪಿಲ್ಲ. ದೃಷ್ಟಿ ಅಂಚಿನಿಂದ ಸವೆಯುತ್ತಾ ಬರುತ್ತದೆ. ನಡುವಿನ ದೃಷ್ಟಿ ಕೊನೆವರೆಗೂ ಇರುವುದರಿಂದ ಪತ್ರಿಕೆ ಓದುತ್ತಾರೆ, ಮೊಬೈಲ್ ನೋಡುತ್ತಾರೆ, ಏನೂ ಆಗಿಲ್ಲ ಅಂದುಕೊಳ್ಳುತ್ತಾರೆ. ಸತ್ತ ನರ ವಾಪಸ್ ಬರುವುದಿಲ್ಲ.

ಮಾವನವರಿಗೆ ಆಪರೇಷನ್ ಆಗದ ಇನ್ನೊಂದು ಕಣ್ಣಿದೆ. ಸ್ಟಿರಾಯ್ಡ್ ಹನಿ ಬಹಳ ದಿನ ಬಿದ್ದರೆ ಅಲ್ಲಿ ಪೊರೆ ಬೇಗ ಬರುತ್ತದೆ.

ನಿಮ್ಮ ಮಗನ ವಿಷಯ ಇದಕ್ಕೇ ಹೊಂದಿಕೊಂಡಿದೆ. ಅವನ ಅಜ್ಜಿಗೆ ಗ್ಲಾಕೋಮಾ ಇದೆ. ಸ್ಟಿರಾಯ್ಡ್ ಹನಿಗೆ ಪ್ರೆಶರ್ ಏರುವ ಮೈ ಅವನದ್ದೂ ಇರಬಹುದು. ನೀವು ಹೇಳಿದ ಲಕ್ಷಣ, ಅಂದರೆ ಬೇಸಿಗೆಯಲ್ಲಿ ಬರುವ ತುರಿಕೆ, ಹುಡುಗ, ಒಂಬತ್ತು ವರ್ಷ, ನಾವು ತುಂಬಾ ನೋಡುವಂಥದ್ದು. ಐದರಿಂದ ಹದಿನೈದು ವರ್ಷದ ಒಳಗಿನ ಹುಡುಗರಲ್ಲೇ ಇದು ಜಾಸ್ತಿ. ಪ್ರತಿ ವರ್ಷ ಮರಳಿ ಬರುತ್ತದೆ, ಹೆಚ್ಚಿನವರಲ್ಲಿ ದೊಡ್ಡವರಾಗುತ್ತಾ ತಾನಾಗೇ ಕಡಿಮೆಯಾಗುತ್ತದೆ. ಅಂದರೆ ನಾಲ್ಕೈದು ವರ್ಷ ಔಷಧಿ ಬೇಕಾಗಬಹುದು. ನಾಲ್ಕೈದು ಬೇಸಿಗೆ ಮನೆಯಲ್ಲೇ ಸ್ಟಿರಾಯ್ಡ್ ಬಿಟ್ಟರೆ ತುರಿಕೆ ಹೋಗುವ ಹೊತ್ತಿಗೆ ಹುಡುಗನ ದೃಷ್ಟಿಯೂ ಹೋಗಿರಬಹುದು. ಹೆದರಿಸಲು ಹೇಳುತ್ತಿಲ್ಲ. ಶಾಲೆಯಲ್ಲಿ ಬೋರ್ಡ್ ಕಾಣುವುದಿಲ್ಲ ಎಂದು ಬಂದ ಮಕ್ಕಳ ನರ ಬಿಳಿಚಿಕೊಂಡಿದ್ದನ್ನು ನೋಡಿದ್ದೇನೆ. ತಾಯಂದಿರು ಒಳ್ಳೆಯದಕ್ಕೇ ಬಿಟ್ಟಿರುತ್ತಾರೆ, ನಿಮ್ಮ ಹಾಗೆಯೇ. ನೀವು ಎಷ್ಟು ದಿನ ಬಿಟ್ಟಿರಿ ಎಂದು ಬರೆದಿಲ್ಲ. ಎರಡು ದಿನ ಮಾತ್ರ ಆದರೆ ಗಾಬರಿ ಬೇಡ. ಹೆಚ್ಚು ದಿನ ಆಗಿದ್ದರೆ, ಅಥವಾ ಹೋದ ಬೇಸಿಗೆಯಲ್ಲೂ ಬಿಟ್ಟಿದ್ದರೆ, ಪ್ರೆಶರ್ ನೋಡಿಸಿ.

ತುರಿಕೆಗೆ ಓಲೊಪಾಟಡಿನ್, ಕೆಟೊಟಿಫೆನ್ ಥರದ ಅಲರ್ಜಿ ಹನಿಗಳಿವೆ. ಸ್ಟಿರಾಯ್ಡ್‌ನಷ್ಟು ಬೇಗ ತಣಿಸುವುದಿಲ್ಲ, ಆದರೆ ಇಡೀ ಬೇಸಿಗೆ ಬಿಡಬಹುದು. ಅದಕ್ಕೂ ಬಗ್ಗದಿದ್ದರೆ ಸೈಕ್ಲೋಸ್ಪೋರಿನ್ ಹನಿ, ಟ್ಯಾಕ್ರೊಲಿಮಸ್ ಮುಲಾಮು ಇದೆ. ತೀರಾ ಜೋರಿದ್ದಾಗ ನಾವೂ ಸ್ಟಿರಾಯ್ಡ್ ಕೊಡುತ್ತೇವೆ, ಕೆಲವು ದಿನಕ್ಕೆ, ಪ್ರೆಶರ್ ನೋಡಿಕೊಂಡು. ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಇಟ್ಟರೆ ಒಳ್ಳೆ ಆರಾಮ. ಉಜ್ಜಲು ಮಾತ್ರ ಬಿಡಬೇಡಿ. ಮುಷ್ಟಿ ಕಟ್ಟಿ ಕಣ್ಣು ಉಜ್ಜುವ ಮಕ್ಕಳಲ್ಲಿ ಕರಿಗುಡ್ಡೆ ತೆಳುವಾಗಿ ಮೊನಚಾಗುತ್ತಾ ಹೋಗುವ ಸಮಸ್ಯೆ ಹೆಚ್ಚು ಕಾಣುತ್ತೇವೆ.

ಸ್ಟಿರಾಯ್ಡ್ ಹನಿಗಳು ಶೆಡ್ಯೂಲ್ ಹೆಚ್ ಪಟ್ಟಿಯ ಔಷಧಿಗಳು, ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಡಬ್ಬಿಯ ಮೇಲೆ ಎಚ್ಚರಿಕೆ ಅಚ್ಚಾಗಿರುತ್ತದೆ. ಆದರೂ ಪರಿಚಯದವರೆಂದು ಕೊಡುತ್ತಾರೆ. ಕೇಳದೆ ಕೊಡುವ ಅಂಗಡಿ ಸಿಕ್ಕಿತು ಎನ್ನುವುದು ಅನುಕೂಲ ಎಂದು ನನಗೆ ಯಾವತ್ತೂ ಅನಿಸಿಲ್ಲ.

ಹನಿ ಬಿಡುವ ಕ್ರಮದ ಬಗ್ಗೆ ನೀವು ಕೇಳಿಲ್ಲ, ಆದರೆ ಅಡ್ಡಪರಿಣಾಮ ಅರ್ಧ ಕಡಿಮೆಯಾಗುವುದು ಅದರಿಂದಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹೊಸ ಬಾಟಲಿಯ ಮೂತಿ ಮುಚ್ಚಿರುತ್ತದೆ. ಸುಮಾರು ಬಾಟಲಿಗಳ ಮುಚ್ಚಳದ ಒಳಗೇ ಒಂದು ಮುಳ್ಳು ಇರುತ್ತದೆ. ಮುಚ್ಚಳವನ್ನು ಪೂರ್ತಿ ಬಿಗಿಯಾಗಿ ತಿರುಗಿಸಿದರೆ ಅದೇ ಸರಿಯಾದ ಅಳತೆಯ ತೂತು ಮಾಡುತ್ತದೆ. ಇದು ಗೊತ್ತಿಲ್ಲದೆ ಪಿನ್ನು, ಸೂಜಿ, ಬ್ಲೇಡಿನಲ್ಲಿ ಚುಚ್ಚುವವರು ಬಹಳ. ತೂತು ದೊಡ್ಡದಾಗಿ ಒಂದು ಹನಿಯ ಬದಲು ಧಾರೆ ಬೀಳುತ್ತದೆ, ಪಿನ್ನಿನ ಕೊಳೆಯೂ ಒಳಗೆ ಹೋಗುತ್ತದೆ. ಬಾಟಲಿ ತಿಂಗಳಿಗೆ ಬದಲು ಹತ್ತೇ ದಿನಕ್ಕೆ ಖಾಲಿ. ಔಷಧಿ ಹಾಲಿನಂತೆ ಬೆಳ್ಳಗಿದ್ದರೆ ಪ್ರತಿ ಸಲವೂ ಚೆನ್ನಾಗಿ ಕುಲುಕಬೇಕು. ಪ್ರೆಡ್ನಿಸೋಲೋನ್, ನಟಾಮೈಸಿನ್ ಹಾಗಿರುತ್ತವೆ, ತಳದಲ್ಲಿ ಕೂತಿರುತ್ತವೆ.

ಸೋಪು ಹಾಕಿ ಕೈ ತೊಳೆಯಿರಿ. ಅಡಿಕೆ ಸುಲಿದ ಕೈಯಾದರೆ ಎರಡು ಸಲ. ಮಲಗಿಸಿ, ಇಲ್ಲವೇ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ. ಮಾಡಿನ ಕಡೆ ನೋಡಲು ಹೇಳಿ. ಕೆಳರೆಪ್ಪೆಯನ್ನು ಬೆರಳಲ್ಲಿ ಮೆಲ್ಲಗೆ ಕೆಳಗೆ ಎಳೆದರೆ ಸಣ್ಣ ಜೇಬಿನಂತೆ ತೆರೆದುಕೊಳ್ಳುತ್ತದೆ, ಹನಿ ಬೀಳಬೇಕಾದ್ದು ಅಲ್ಲಿಗೆ. ಬಾಟಲಿಯನ್ನು ಒಂದು ಇಂಚು ಮೇಲೆ ಹಿಡಿಯಿರಿ. ಮೂತಿ ರೆಪ್ಪೆಗೂ ಕೂದಲಿಗೂ ಬೆರಳಿಗೂ ತಾಗಬಾರದು. ಒಂದೇ ಹನಿ. ಆ ಜಾಗದಲ್ಲಿ ಒಂದು ಹನಿಯೇ ಪೂರ್ತಿ ಹಿಡಿಸುವುದಿಲ್ಲ, ಎರಡನೆಯದು ಕೆನ್ನೆಗೆ ಅಥವಾ ಮೂಗಿಗೆ ಅಷ್ಟೇ.

ಹನಿ ಬಿದ್ದ ಮೇಲೆ ಪಟಪಟ ಕಣ್ಣು ಮಿಟುಕಿಸುವುದು, ಬಿಗಿಯಾಗಿ ಹಿಂಡುವುದು ಬೇಡ. ನಿದ್ದೆಯಲ್ಲಿ ಮುಚ್ಚುವಂತೆ ಮುಚ್ಚಿ, ತೋರುಬೆರಳಿನ ತುದಿಯನ್ನು ಕಣ್ಣಿನ ಒಳಮೂಲೆಯಲ್ಲಿ ಮೂಗಿನ ಎಲುಬಿಗೆ ತಾಗುವಂತೆ ಒತ್ತಿ ಹಿಡಿಯಿರಿ. ಎರಡು ಮೂರು ನಿಮಿಷ. ಆಗ ನಾನು ಮೊದಲು ಹೇಳಿದ ಕೊಳವೆ ಮುಚ್ಚಿರುತ್ತದೆ. ಔಷಧಿ ಕಣ್ಣಲ್ಲೇ ಉಳಿದು ಜಾಸ್ತಿ ಕೆಲಸ ಮಾಡುತ್ತದೆ, ಮೈಗೆ ಸೇರುವುದು ಬಹಳ ಕಡಿಮೆಯಾಗುತ್ತದೆ. ಸರಿಯಾಗಿ ಒತ್ತಿದರೆ ಗಂಟಲಿನ ಕಹಿಯೂ ಬರುವುದಿಲ್ಲ, ಹಾಗೆ ನೀವೇ ಪರೀಕ್ಷೆ ಮಾಡಿಕೊಳ್ಳಬಹುದು. ಅತ್ತೆಯವರಿಗೆ ಇದನ್ನು ನೀವೇ ಪಕ್ಕದಲ್ಲಿ ಕೂತು ಕಲಿಸಿಕೊಡಿ. ದಮ್ಮಿಗೆ ಇದೊಂದೇ ಪರಿಹಾರ ಎಂದುಕೊಂಡು ಫೋನ್ ಮಾಡುವುದನ್ನು ಮುಂದೂಡಬೇಡಿ.

ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷವಾದರೂ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಹಾಕುತ್ತದೆ. ಮುಲಾಮು ಇದ್ದರೆ ಎಲ್ಲಕ್ಕೂ ಕೊನೆಗೆ. ಮಕ್ಕಳು ಕಣ್ಣು ಬಿಗಿಹಿಡಿದರೆ ಜಗಳ ಬೇಡ. ಅಂಗಾತ ಮಲಗಿಸಿ, ಮುಚ್ಚಿದ ಕಣ್ಣಿನ ಒಳಮೂಲೆಗೆ ಒಂದು ಹನಿ ಬಿಟ್ಟು ಕಾಯಿರಿ. ಕಣ್ಣು ಬಿಟ್ಟ ತಕ್ಷಣ ಅದು ಒಳಗೆ ಇಳಿಯುತ್ತದೆ.

ಬಾಟಲಿಯ ಸೀಲು ಒಡೆದ ದಿನವೇ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆಯಿರಿ. ಸಾಮಾನ್ಯ ಹನಿಗಳು ಒಡೆದ ಮೇಲೆ ನಾಲ್ಕು ವಾರ ಮಾತ್ರ. ಡಬ್ಬಿಯ ಮೇಲಿನ ಎಕ್ಸ್‌ಪೈರಿ ತಾರೀಕು ಒಡೆಯದ ಬಾಟಲಿಗೆ. ಒಡೆದ ಮೇಲೆ ಮೂತಿಯಿಂದ ಕ್ರಿಮಿ ಒಳಗೆ ಸೇರಬಹುದು, ಹಾಕಿರುವ ಸಂರಕ್ಷಕ ಎಷ್ಟು ದಿನ ತಡೆದೀತು? ಸಂರಕ್ಷಕ ಇಲ್ಲದ, ಒಂದು ಸಲಕ್ಕೆಂದೇ ಇರುವ ಪ್ಲಾಸ್ಟಿಕ್ ಕಡ್ಡಿಗಳನ್ನು ಬಳಸಿದ ತಕ್ಷಣ ಎಸೆಯಬೇಕು. ಕೆಟ್ಟ ಹನಿ ಏನು ಮಾಡಬಹುದು ಎನ್ನುವುದನ್ನು 2023ರಲ್ಲಿ ಅಮೆರಿಕ ನೋಡಿತು. ನಮ್ಮ ದೇಶದಲ್ಲೇ ತಯಾರಾದ ಕೃತಕ ಕಣ್ಣೀರಿನ ಹನಿಯಲ್ಲಿ ಸೂಡೊಮೋನಾಸ್ ಬ್ಯಾಕ್ಟೀರಿಯಾ ಸೇರಿತ್ತು. ಹಲವರು ದೃಷ್ಟಿ ಕಳೆದುಕೊಂಡರು, ಕೆಲವರು ಸತ್ತರು. ಅದು ಬರೀ ಕಣ್ಣು ಒಣಗದಿರಲಿ ಎಂದು ಬಿಡುವ ಹನಿ.

ಫ್ರಿಜ್ಜು ಎಲ್ಲಕ್ಕೂ ಬೇಕಿಲ್ಲ. ಲಟಾನೊಪ್ರೋಸ್ಟ್ ಎನ್ನುವ ಗ್ಲಾಕೋಮಾ ಹನಿಗೆ ಸಾಮಾನ್ಯವಾಗಿ ಒಡೆಯುವ ತನಕ 2ರಿಂದ 8 ಡಿಗ್ರಿ ತಂಪು ಬೇಕು. ಒಡೆದ ಮೇಲೆ 25 ಡಿಗ್ರಿ ಒಳಗಿನ ಜಾಗದಲ್ಲಿ ಆರು ವಾರ ಇಡಬಹುದು. ಆಷಾಢದ ಮಳೆಗೆ ಮರ ಬಿದ್ದು ನಾಲ್ಕು ದಿನ ಕರೆಂಟಿಲ್ಲದಾಗ ಬಹಳ ಜನ ಫೋನ್ ಮಾಡಿ ಕೇಳುತ್ತಾರೆ. ಒಡೆದ ಬಾಟಲಿಗೆ ಆ ಥಂಡಿಯಲ್ಲಿ ಏನೂ ಆಗುವುದಿಲ್ಲ. ಬೇಸಿಗೆಯಲ್ಲಿ ಮಾತ್ರ ಹುಷಾರು. ಬಚ್ಚಲ ಒಲೆಯ ಹತ್ತಿರ, ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಯಾವ ಹನಿಯನ್ನೂ ಇಡಬೇಡಿ. ಫ್ರೀಜರಿನಲ್ಲೂ ಬೇಡ. ಒಂದೇ ಡಬ್ಬಿಯಲ್ಲಿ ಕಣ್ಣಿನ ಹನಿ, ಕಿವಿಯ ಹನಿ, ಅಂಟಿನ ಬಾಟಲಿ ಹಾಕಿಡುವುದು ಇನ್ನೂ ಅಪಾಯ. ಕರೆಂಟ್ ಹೋದ ರಾತ್ರಿ ಕೈಗೆ ಯಾವುದು ಸಿಗುತ್ತದೋ ಹೇಳಲಾಗದು.

ಲಟಾನೊಪ್ರೋಸ್ಟ್ ಹೆಸರು ಬಂತಲ್ಲ, ಅತ್ತೆಯವರಿಗೆ ಮುಂದೆ ಅದನ್ನೇ ಬರೆದುಕೊಡಬಹುದು. ರೆಪ್ಪೆಗೂದಲು ಉದ್ದವಾಗುತ್ತದೆ, ಕಣ್ಣಿನ ಸುತ್ತ ಚರ್ಮ ಸ್ವಲ್ಪ ಕಪ್ಪಾಗುತ್ತದೆ, ಮೊದಮೊದಲು ಕೆಂಪೂ ಇರುತ್ತದೆ. ನೋಡಿ ಗಾಬರಿಯಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ ಸಾಕು. ಬ್ರಿಮೊನಿಡಿನ್ ಕೊಟ್ಟರೆ ಬಾಯಿ ಒಣಗಬಹುದು, ತೂಕಡಿಕೆ ಬರಬಹುದು. ಅದನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಬಿಡಲೇಬಾರದು, ಉಸಿರು ನಿಲ್ಲುವ ಅಪಾಯ ಇದೆ. ಮನೆಗೆ ಕೂಸು ಬಂದಾಗ ಆ ಬಾಟಲಿ ಕೈಗೆ ಸಿಗದಂತೆ ಇಡಿ.

ಹನಿ ಬೇಡವೆಂದರೆ ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ, ಎದೆಹಾಲು ಬಿಡಬಹುದಾ ಎಂದು ಮುಂದೆ ಯಾರಾದರೂ ಕೇಳಿಯಾರು. ಕಣ್ಣೊಳಗೆ ಅವೂ ಬೇಡ. ಹೂವು ಕಣ್ಣಿಗೆ ತಂಪು ಎಂದು ನಂಬಿದ್ದರೆ ಮುಚ್ಚಿದ ರೆಪ್ಪೆಯ ಮೇಲೆ ಇಟ್ಟುಕೊಳ್ಳಲಿ. ತರಚಿದ ಕರಿಗುಡ್ಡೆಗೆ ಹಿಂಡಿದ ರಸ ಬಿಡುವುದೆಂದರೆ ಕ್ರಿಮಿಯನ್ನು ಕೈಯಾರೆ ಒಳಗೆ ಬಿಟ್ಟಂತೆ.

ಇನ್ನು ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕೊಳೆರೋಗಕ್ಕೆ ಅಡಿಕೆ ಗೊನೆಗೆ ಹೊಡೆಯುವಾಗ ತಲೆ ಎತ್ತಿಯೇ ನಿಲ್ಲಬೇಕು, ಮೇಲಿಂದ ಕಣ್ಣಿಗೆ ಬಿದ್ದೇ ಬೀಳುತ್ತದೆ. ಬಿದ್ದ ತಕ್ಷಣ ಯಾವ ಹನಿಯನ್ನೂ ಹುಡುಕಬೇಡಿ. ಅಲ್ಲೇ ಇರುವ ಒಳ್ಳೆ ನೀರಿನಲ್ಲಿ ಕಣ್ಣು ಬಿಟ್ಟುಕೊಂಡೇ ಅರ್ಧ ಗಂಟೆ ತೊಳೆಯಿರಿ. ಸುಣ್ಣ ಕಣ್ಣನ್ನು ಸುಡುತ್ತಾ ಒಳಗೆ ಇಳಿಯುತ್ತದೆ. ರೆಪ್ಪೆ ಅಡಿಯಲ್ಲಿ ಸುಣ್ಣದ ಚೂರು ಕೂತಿರಬಹುದು, ಒದ್ದೆ ಬಟ್ಟೆಯ ತುದಿಯಿಂದ ತೆಗೆಯಿರಿ. ಆಮೇಲೆ ಆಸ್ಪತ್ರೆ. ಔಷಧಿ ಹೊಡೆಯುವವರಿಗೂ ಕಳೆ ಮಿಷನ್ ಹಿಡಿಯುವವರಿಗೂ ಕನ್ನಡಕ ಕೊಡಿಸಿ, ಅದು ಯಜಮಾನರ ಜವಾಬ್ದಾರಿ.

ಕಣ್ಣು ಕೆಂಪಾಗಿ ಜೊತೆಗೆ ಜೋರು ಜ್ವರ, ಮೈಕೈ ನೋವು ಇದ್ದರೆ ಅದನ್ನು ಕಣ್ಣಿನ ಕಾಯಿಲೆ ಎಂದುಕೊಳ್ಳಬೇಡಿ. ಬೇಸಿಗೆ ಕಡೆ ಮಂಗನ ಕಾಯಿಲೆ, ಮಳೆಗಾಲದಲ್ಲಿ ಇಲಿಜ್ವರ ಎರಡರಲ್ಲೂ ಕಣ್ಣು ಕೆಂಪಾಗುತ್ತದೆ. ಹನಿ ಬಿಡುತ್ತಾ ಕೂತರೆ ಹೊತ್ತು ವ್ಯರ್ಥ. 2023ರ ಮಳೆಗಾಲದಲ್ಲಿ ಊರೂರಿಗೂ ಬಂದ ಮದ್ರಾಸ್ ಐ ಥರದ್ದಾದರೆ ಅದು ಹೆಚ್ಚಾಗಿ ವೈರಸ್, ವಾರ ಹತ್ತು ದಿನದಲ್ಲಿ ತಾನೇ ಇಳಿಯುತ್ತದೆ. ಟವೆಲ್ ಬೇರೆ ಇಡಿ, ಒಬ್ಬರ ಬಾಟಲಿ ಇನ್ನೊಬ್ಬರಿಗೆ ಬೇಡ. ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾದರೆ, ನೋವು ಜೋರಿದ್ದರೆ, ಕರಿಗುಡ್ಡೆಯಲ್ಲಿ ಬಿಳಿ ಚುಕ್ಕೆ ಕಂಡರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಬನ್ನಿ. ಗಿಡದ ಚೂರು ಬಡಿದು ಎರಡನೇ ದಿನಕ್ಕೂ ಚುಚ್ಚುತ್ತಿದ್ದರೂ ಅಷ್ಟೇ.

ಅತ್ತೆಯವರ ದಮ್ಮಿಗೆ ಇವತ್ತೇ ಫೋನ್ ಆಗಲಿ. ಮಾವನವರು, ಮಗ ಇಬ್ಬರನ್ನೂ ಈ ವಾರದೊಳಗೆ ಕರೆತನ್ನಿ. ಶಿವಮೊಗ್ಗಕ್ಕೆ ಬರುವುದಾದರೆ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲೂ ಕಣ್ಣಿನ ವಿಭಾಗ ಇದೆ. ಮಾವನವರು ಬಹಳ ದಿನದಿಂದ ದಿನಾ ಬಿಡುತ್ತಿದ್ದರೆ ಆ ಹನಿಯನ್ನು ಏಕಾಏಕಿ ನಿಲ್ಲಿಸದೆ, ಹೇಗೆ ಇಳಿಸಬೇಕು ಎಂದು ಡಾಕ್ಟರನ್ನೇ ಕೇಳಿ. ಆಗೊಮ್ಮೆ ಈಗೊಮ್ಮೆ ಹಾಕಿಕೊಳ್ಳುವುದಾದರೆ ಇವತ್ತೇ ನಿಲ್ಲಿಸಬಹುದು. ಮನೆಯಲ್ಲಿರುವ ಎಲ್ಲ ಹನಿ ಬಾಟಲಿಗಳನ್ನು, ಖಾಲಿಯಾದವನ್ನೂ ಸೇರಿಸಿ, ಒಂದು ಕವರಿನಲ್ಲಿ ಹಾಕಿ ತನ್ನಿ. ಬಿಪಿ, ಸಕ್ಕರೆ, ಉಬ್ಬಸದ ಚೀಟಿಗಳನ್ನೂ ತನ್ನಿ. ನರ ನೋಡಲು ಪಾಪೆ ಅಗಲ ಮಾಡುವ ಹನಿ ಹಾಕುತ್ತಾರೆ. ನಾಲ್ಕಾರು ಗಂಟೆ ಹತ್ತಿರದ್ದು ಮಂಜಾಗಿ ಕಾಣುತ್ತದೆ, ಬೆಳಕು ಚುಚ್ಚುತ್ತದೆ. ಹಾಗಾಗಿ ಮಾವನವರು ಬೈಕಿನಲ್ಲಿ ಬರುವುದು ಬೇಡ. ಬಸ್ಸಿನಲ್ಲಿ ಬನ್ನಿ, ಜೊತೆಗೆ ಹನಿ ಹಾಕಿಸಿಕೊಳ್ಳದ ಒಬ್ಬರು ಇರಲಿ.